ಬಜಾರ್‌ಗೇಟಿನಲ್ಲಿ ಗೇಟೇ ಇಲ್ಲ

ಅಪ್ಪ ಬೊಂಬಾಯಿಗೆ ಬಂದದ್ದು 1969ರಲ್ಲಿ, 14ನೇ ವಯಸ್ಸಿಗೆ. ಬಜಾರ್‌ಗೇಟ್ ಸ್ಟ್ರೀಟಿನ ಒಂದು ಉಡುಪಿ ಹೋಟೆಲಿನಲ್ಲಿ ಹಗಲೆಲ್ಲ ಟೇಬಲ್ ಒರೆಸುವುದು. ಸಂಜೆ ಕನ್ನಡ ರಾತ್ರಿ ಶಾಲೆ. ಅದು ಮುಗಿದ ಮೇಲೆ ಹೋಟೆಲಿನ ಅಟ್ಟದಲ್ಲಿ ನಿದ್ದೆ. ಊರಿಗೆ ಬರೆದ ಮೊದಲ ಇನ್‌ಲ್ಯಾಂಡ್ ಕಾಗದದಲ್ಲಿ ವಿಳಾಸ 'ಫೋರ್ಟ್, ಬೊಂಬಾಯಿ' ಅಂತ ಇತ್ತು. ಅಜ್ಜಿಗೆ ಓದು ಬಾರದು. ಕಾಗದ ಓದಿ ಹೇಳಿದ ಮೇಷ್ಟ್ರು ವಿಳಾಸವನ್ನೂ ಕನ್ನಡ ಮಾಡಿಯೇ ಹೇಳಿದರು. "ನಿಮ್ಮ ಮಾಣಿ ಕೋಟೆಯಲ್ಲಿ ಇದ್ದಾನಂತೆ."

ಬೇರೆ ಯಾವ ತಾಯಿಯಾದರೂ ಹಿಗ್ಗುತ್ತಿದ್ದಳೇನೋ. ಅಜ್ಜಿ ಬಾರ್ಕೂರಿನವಳು. ಬಾರ್ಕೂರು ಒಂದು ಕಾಲಕ್ಕೆ ಆಳುಪರ ರಾಜಧಾನಿ, ಆಮೇಲೆ ವಿಜಯನಗರದವರು ಆಳಿದ ಊರು, ಎಲ್ಲ ಸರಿ. ಆದರೆ ಅಜ್ಜಿಯ ಕಾಲಕ್ಕೆ ಅಲ್ಲಿ ಕೋಟೆ ಅಂದರೆ ದನ ಮೇಯುವ ದಿಬ್ಬ. ಕಲ್ಲಿನ ರಾಶಿ, ಅದರ ಮೇಲೆ ಪೊದೆ, ಪೊದೆಯೊಳಗೆ ಹಾವು. ಮಗ ಅಂಥ ಜಾಗದಲ್ಲಿ ಮಲಗುತ್ತಾನೆ ಅಂತ ಅವಳಿಗೆ ಎರಡು ದಿನ ಊಟ ಸೇರಲಿಲ್ಲವಂತೆ. ಮೇಷ್ಟ್ರ ಕೈಯಲ್ಲೇ ಉತ್ತರ ಬರೆಸಿದಳು. "ಕೋಟೆಯಲ್ಲಿ ಮಳೆಗೆ ಸೋರುವುದಿಲ್ವಾ? ಹಾವು ಗೀವು ಉಂಟಾ?"

ಅಪ್ಪ ವಾಪಸ್ ಬರೆದರು. "ಇಲ್ಲಿ ಕೋಟೆಯೇ ಇಲ್ಲ ಅಮ್ಮ. ಸೋರುವುದೂ ಇಲ್ಲ."

ನಮ್ಮ ಮನೆಯಲ್ಲಿ ಎಷ್ಟೋ ಸಲ ಹೇಳಿ ನಕ್ಕ ಕತೆ ಇದು. ಮುಂದೆ ಅಜ್ಜಿ ಒಂದು ಸಲ ಮುಂಬಯಿಗೆ ಬಂದಾಗ ಅಪ್ಪ ಅವಳನ್ನು ವಿ.ಟಿ. ಸ್ಟೇಷನ್ (ಈಗಿನ ಸಿ.ಎಸ್.ಎಂ.ಟಿ.) ಎದುರು ನಿಲ್ಲಿಸಿದರು. ಗೋಪುರ, ಕಮಾನು, ಕಲ್ಲಿನ ಸಿಂಹ ಎಲ್ಲ ನೋಡಿ ಅಜ್ಜಿ, "ಇಷ್ಟು ದೊಡ್ಡ ಕೋಟೆ ಇಟ್ಟುಕೊಂಡು ಇಲ್ಲ ಅಂತ ಬರೆದಿದ್ಯಲ್ಲ" ಅಂತ ಬೈದಳಂತೆ.

ನಾನೂ ಫೋರ್ಟಿನಲ್ಲೇ ಕೆಲಸಕ್ಕೆ ಸೇರಿ 24 ವರ್ಷ ಆಯಿತು. ಡೊಂಬಿವಲಿಯಿಂದ ಫಾಸ್ಟ್ ಲೋಕಲ್, ಸಬ್‌ವೇ, ಆಫೀಸು, ಮತ್ತೆ ಸಬ್‌ವೇ. 'ಫೋರ್ಟ್' ಅನ್ನುವ ಮಾತು ದಾದರ್, ಪರೇಲ್ ಇದ್ದ ಹಾಗೆ ಬರೀ ಒಂದು ಹೆಸರಾಗಿತ್ತು. ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ಹೊಸ ಸಹೋದ್ಯೋಗಿಯೊಬ್ಬ ಒಂದು ಮಧ್ಯಾಹ್ನ ಬಜಾರ್‌ಗೇಟಿನಲ್ಲಿ ಇಡ್ಲಿ ತಿನ್ನುತ್ತ ಕೇಳಿದ. "ಮೇಡಂ, ದಿನಾ ಫೋರ್ಟ್ ಫೋರ್ಟ್ ಅಂತೀರಿ, ಫೋರ್ಟ್ ಎಲ್ಲೈತ್ರಿ? ಇದು ಬಜಾರ್‌ಗೇಟ್ ಅಂತೀರಿ, ಗೇಟೂ ಇಲ್ಲಲ್ರೀ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಊಟದ ಬಿಡುವಿನ ಅರ್ಧ ಗಂಟೆ ಕೋಟೆ ಹುಡುಕುವುದಕ್ಕೆ ಹೋಯಿತು. ಅರ್ಧ ಗಂಟೆ ಸಾಲದೆ ಭಾನುವಾರಗಳೂ ಹೋದವು.

ಮೊದಲು ಗೋಡೆ ಯಾಕೆ ಬಂತು ಅಂತ ನೋಡೋಣ. 1668ರಲ್ಲಿ ಇಂಗ್ಲೆಂಡಿನ ರಾಜ ಮುಂಬಯಿಯನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟಾಗ ಇಲ್ಲಿ ಇದ್ದದ್ದು ಸಮುದ್ರದಂಡೆಯ ಒಂದು ಗಟ್ಟಿ ಮನೆ. ಗಾರ್ಸಿಯಾ ಡ ಓರ್ಟಾ ಎಂಬ ಪೋರ್ಚುಗೀಸ್ ವೈದ್ಯನ ಮನೆ ಇದ್ದ ಜಾಗ ಅದು. ಅದನ್ನೇ ಬಲಪಡಿಸಿ ಕಂಪನಿಯವರು ಬಾಂಬೆ ಕ್ಯಾಸಲ್ ಅಂದರು. ಊರಿಗೆ ಗೋಡೆ ಇರಲಿಲ್ಲ. 1689ರಲ್ಲಿ ಜಂಜೀರಾದ ಸಿದ್ದಿ ಯಾಕೂತ್ ಖಾನ್ ಶಿವ್ಡಿಯಲ್ಲಿ ಇಳಿದ. ಮಜಗಾಂವ್ ಹಿಡಿದ. ಇಂಗ್ಲಿಷರನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಕ್ಯಾಸಲ್ ಒಳಗೇ ಕೂರಿಸಿದ. ಆ ಹೆದರಿಕೆ ಆರುವ ಮೊದಲೇ ಕಡಲಿನಲ್ಲಿ ಮರಾಠರ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯ ಹಡಗುಗಳು. 1715ರಲ್ಲಿ ಗವರ್ನರ್ ಆಗಿ ಬಂದ ಚಾರ್ಲ್ಸ್ ಬೂನ್ ಊರಿನ ಸುತ್ತ ಗೋಡೆ ಎಬ್ಬಿಸಿದ. ಉತ್ತರಕ್ಕೆ ಬಜಾರ್ ಗೇಟ್, ಪಶ್ಚಿಮಕ್ಕೆ ಚರ್ಚ್ ಗೇಟ್, ದಕ್ಷಿಣಕ್ಕೆ ಅಪೋಲೋ ಗೇಟ್. ಪೂರ್ವಕ್ಕೆ ಹೇಗೂ ಸಮುದ್ರ. ಉದ್ದ ಸುಮಾರು ಒಂದು ಮೈಲಿ, ಅಗಲ ಅದರ ಮೂರನೇ ಒಂದು ಪಾಲು. ಅಷ್ಟೇ ಅಂದಿನ ಬೊಂಬಾಯಿ. ನಾನು ಚಹಾಕ್ಕೆ ಹೋಗಿ ಬರುವಷ್ಟು ಜಾಗ.

1739ರಲ್ಲಿ ಮರಾಠರ ಸೇನಾನಿ ಚಿಮಾಜಿ ಅಪ್ಪ ವಸಯಿ ಕೋಟೆಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡಾಗ ಇಲ್ಲಿ ಮತ್ತೆ ನಡುಕ. ಗೋಡೆ ಸಾಲದು, ಕಂದಕ ಬೇಕು ಅಂದರು. ಒಳಗಿದ್ದ ವ್ಯಾಪಾರಿಗಳು 30,000 ರೂಪಾಯಿ ಎತ್ತಿ ಕೊಟ್ಟರು. ಅಂದಿನ 30,000! ಇಂದು ಫೋರ್ಟಿನ ಯಾವ ಕಟ್ಟಡದಲ್ಲಾದರೂ ಲಿಫ್ಟ್ ರಿಪೇರಿಗೆ ಮಾಲೀಕರ ಹತ್ತಿರ ದುಡ್ಡು ಕೇಳಿ ನೋಡಿ.

ಇಷ್ಟೆಲ್ಲ ಮಾಡಿದ ಈ ಗೋಡೆಯನ್ನು ಯಾರೂ ಮುತ್ತಲಿಲ್ಲ. ಮರಾಠರು ಬರಲಿಲ್ಲ. ಫ್ರೆಂಚರು ಬಂದಾರೆಂದು 1769ರಲ್ಲಿ ಈಶಾನ್ಯ ಮೂಲೆಯಲ್ಲಿ ಫೋರ್ಟ್ ಜಾರ್ಜ್ ಅಂತ ಇನ್ನೊಂದು ಸೇರಿಸಿದರು. ಅವರೂ ಬರಲಿಲ್ಲ. ಗೋಡೆಯೊಳಗೆ ಜನ ತುಂಬಿ ಉಸಿರು ಕಟ್ಟಿದ್ದೇ ಬಂತು. 1803ರಲ್ಲಿ ದೊಡ್ಡ ಬೆಂಕಿ ಬಿತ್ತು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಹೆದರಲು ಯಾರೂ ಉಳಿಯಲಿಲ್ಲ. ಕಂದಕ ಕೊಚ್ಚೆ ಗುಂಡಿಯಾಯಿತು.

ಈ ಗೋಡೆಯನ್ನು ಕೊನೆಗೆ ಕೆಡವಿದ್ದು ಹತ್ತಿ. ಇದರಲ್ಲಿ ನಮ್ಮವರ ಪಾಲೂ ಇದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ಲ್ಯಾಂಕಶೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಿತು. ಎಲ್ಲರೂ ಬೊಂಬಾಯಿಗೆ ಮುಗಿಬಿದ್ದರು. ಆ ಹತ್ತಿಯಲ್ಲಿ ಧಾರವಾಡ ಸೀಮೆಯದೂ ಇತ್ತು. ಕುಮಟಾ ಬಂದರಿನಿಂದ ಹಡಗೇರುತ್ತಿದ್ದುದಕ್ಕೆ ಇಲ್ಲಿನ ಪೇಟೆಯಲ್ಲಿ ಅದರ ಹೆಸರೇ 'ಕುಮಟಾ' ಅಂತ ಬಿದ್ದಿತ್ತು. ಹತ್ತಿ ಸಾಗಿಸಲು ಕಾರವಾರ ಬಂದರು ಬೇಕು ಅಂತ ಹಟ ಹಿಡಿದು ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದು 1862ರಲ್ಲಿ. ಅದೇ 1862ರಲ್ಲಿ ಗವರ್ನರ್ ಆಗಿ ಬಂದ ಬಾರ್ಟಲ್ ಫ್ರೀರ್ ಕೋಟೆ ಗೋಡೆ ಕೆಡವಲು ಹೇಳಿದ. ಊರಲ್ಲಿ ದುಡ್ಡು ಸುರಿಯುತ್ತಿತ್ತು, ಜಾಗ ಬೇಕಾಗಿತ್ತು. 1865ರಲ್ಲಿ ಅಮೆರಿಕದ ಯುದ್ಧ ನಿಂತು ಹತ್ತಿಯ ಬೆಲೆ ನೆಲ ಕಚ್ಚಿತು, ಎಷ್ಟೋ ಸೇಠ್‌ಗಳು ದಿವಾಳಿ ಎದ್ದರು. ಗೋಡೆ ಮಾತ್ರ ತಿರುಗಿ ಬರಲಿಲ್ಲ.

ಹಾಗಾದರೆ ಉಳಿದದ್ದೇನು?

ಡಿ.ಎನ್. ರೋಡನ್ನೇ ತೆಗೆದುಕೊಳ್ಳಿ. ಇದು ಪಶ್ಚಿಮದ ಗೋಡೆಯ ಸಾಲಿನಲ್ಲೇ ಬಂದ ರಸ್ತೆ. ಮಳೆಗಾಲದಲ್ಲಿ ನಾವು ನೆನೆಯದೆ ನಡೆದುಹೋಗುವ ಅದರ ಕಮಾನುಗಳ ಕೆಳಗೆಲ್ಲೋ ಗೋಡೆಯ ಬುಡ ಇದ್ದಿರಬೇಕು. ಅದನ್ನೇ ಹಿಡಿದು ದಕ್ಷಿಣಕ್ಕೆ ಹೋದರೆ ಫ್ಲೋರಾ ಫೌಂಟನ್. ಚರ್ಚ್ ಗೇಟ್ ಇದ್ದದ್ದು ಅಲ್ಲಿ. ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಇಳಿದು "ಚರ್ಚೂ ಇಲ್ಲ, ಗೇಟೂ ಇಲ್ಲ" ಅನ್ನುವವರಿಗೆ ಒಂದು ಮಾತು. ಪೂರ್ವಕ್ಕೆ 10 ನಿಮಿಷ ನಡೆಯಿರಿ, ಗೇಟಿನ ಜಾಗ ಸಿಗುತ್ತದೆ. ಇನ್ನೂ ಸ್ವಲ್ಪ ನಡೆಯಿರಿ, 1718ರ ಸೇಂಟ್ ಥಾಮಸ್ ಚರ್ಚೂ ಸಿಗುತ್ತದೆ. ಮನೆಗೆ ಗೇಟಿನ ಹೆಸರಿಟ್ಟು, ಆ ಗೇಟಿಗೆ ಇನ್ಯಾವುದೋ ಮನೆಯ ಹೆಸರಿಟ್ಟ ಹಾಗಾಗಿದೆ ಪಾಪ ಆ ಸ್ಟೇಷನ್ನಿನ ಕತೆ. ಇನ್ನೂ ಕೆಳಗೆ ಕಾಲಾ ಘೋಡಾದ ಹತ್ತಿರ ಒಂದು ರಸ್ತೆಗೆ ಹಿಂದೆ 'ರಾಂಪಾರ್ಟ್ ರೋ' ಅಂತಲೇ ಹೆಸರಿತ್ತು. ಕೋಟೆಗೋಡೆ ಬೀದಿ ಅಂತ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೆರಗು ತಂದದ್ದು ಕಲ್ಲಲ್ಲ, ಖಾಲಿ ಜಾಗ. ಗೋಡೆಯ ಮೇಲಿನ ಫಿರಂಗಿಗೆ ಎದುರು ಏನೂ ಅಡ್ಡ ಇರಬಾರದು. ಶತ್ರು ಬಂದರೆ ಅಡಗಲು ಒಂದು ಗುಡಿಸಲೂ ಸಿಗಬಾರದು. ಅದಕ್ಕೆ ಗೋಡೆಯಾಚೆ ದೊಡ್ಡ ಬಯಲು ಬಿಟ್ಟಿದ್ದರು. ಅದಕ್ಕೆ ಎಸ್‌ಪ್ಲನೇಡ್ ಅನ್ನುತ್ತಿದ್ದರು. 1803ರ ಬೆಂಕಿಯ ನಂತರ ಅದನ್ನು ಇನ್ನೂ ಅಗಲ ಮಾಡಿದರು. ಗೋಡೆ ಹೋಯಿತು, ಬಯಲು ಪೂರ್ತಿ ಹೋಗಲಿಲ್ಲ. ತುಂಡು ತುಂಡಾಗಿ ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್, ಕೂಪರೇಜ್ ಆಯಿತು. ಓವಲ್‌ನಲ್ಲಿ ನಿಂತರೆ ಒಂದು ಕಡೆ ಹೈಕೋರ್ಟ್, ಯೂನಿವರ್ಸಿಟಿ, ಇನ್ನೊಂದು ಕಡೆ ಆರ್ಟ್ ಡೆಕೊ ಮನೆಗಳು. 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ನೋಟಕ್ಕೆ ಜನ ಫೋಟೋ ತೆಗೆಯುತ್ತಾರೆ. ನಡುವೆ ಹುಡುಗರು ಒಂದೇ ಸಲ ಹತ್ತಾರು ಮ್ಯಾಚ್ ಆಡುತ್ತಿರುತ್ತಾರೆ. ಯಾರ ಬಾಲ್ ಯಾರಿಗೆ ಸಿಕ್ಕಿತು ಅಂತ ಅವರಿಗೇ ಗೊತ್ತಿರಲಿಕ್ಕಿಲ್ಲ. ಗುಂಡು ಹಾರಿಸಲು ಬಿಟ್ಟ ಜಾಗದಲ್ಲಿ ಬೌಲರ್ ಓಡಿ ಬರುವುದನ್ನು ನೋಡುತ್ತ ನಾನೊಂದು ದಿನ ಆಫೀಸಿಗೆ ತಡವಾಗಿ ಹೋದೆ.

ಆದರೂ ಹುಬ್ಬಳ್ಳಿಯ ಹುಡುಗ ಬಿಡಬೇಕಲ್ಲ. "ಬಯಲು ಬ್ಯಾಡ್ರಿ, ಕಲ್ಲು ತೋರಸ್ರಿ" ಅಂದ.

ಕಲ್ಲು ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಜಿ.ಪಿ.ಓ. ದಾಟಿ ಸೇಂಟ್ ಜಾರ್ಜ್ ಆಸ್ಪತ್ರೆ. ಹೆಸರೇ ಹೇಳುತ್ತಿದೆ, ಫೋರ್ಟ್ ಜಾರ್ಜ್ ಇದ್ದ ಜಾಗ. ಈ ಆಸ್ಪತ್ರೆಯ ಮುಂದೆ 24 ವರ್ಷ ಓಡಾಡಿದ್ದೇನೆ. ಆವರಣದೊಳಗೆ ಔಷಧಿ ಚೀಟಿ ಹಿಡಿದು ಓಡುವವರ ನಡುವೆ "ಕೋಟೆ ಎಲ್ಲಿ?" ಅಂತ ಕೇಳಲು ನಾಚಿಕೆಯಾಯಿತು. ಕೊನೆಗೆ ವಾಚ್‌ಮನ್ ಹತ್ತಿರ ಮೆಲ್ಲಗೆ ಕೇಳಿದೆ. "ಪುರಾತತ್ತ್ವದ ಆಫೀಸಾ? ಹಾಗೆ ಹೋಗಿ" ಅಂತ ಕೈ ತೋರಿಸಿದ. ಕೋಟೆಯ ಸಿಡಿಮದ್ದಿನ ಮನೆ ಉಳಿದುಕೊಂಡಿದೆ. ಅದರಲ್ಲಿ ಈಗ ಮಹಾರಾಷ್ಟ್ರ ಸರ್ಕಾರದ ಪುರಾತತ್ತ್ವ ಇಲಾಖೆ ಕೂತಿದೆ. ರಾಜ್ಯದ ಕೋಟೆಗಳನ್ನು ನೋಡಿಕೊಳ್ಳುವವರಿಗೆ ಕೋಟೆಯ ತುಂಡೇ ಆಫೀಸು. ಮೊಳಗಟ್ಟಲೆ ದಪ್ಪದ ಕಪ್ಪುಕಲ್ಲಿನ ಗೋಡೆ, ಸಂದುಗಳಲ್ಲಿ ಅಶ್ವತ್ಥದ ಬೇರು, ಬುಡದಲ್ಲಿ ಹುಲ್ಲು. ಅಂಗೈ ಇಟ್ಟೆ. ತಣ್ಣಗಿತ್ತು. ಹೇಳಿಕೊಳ್ಳುವಂಥದ್ದೇನೂ ಅನ್ನಿಸಲಿಲ್ಲ, ನಿಜ ಹೇಳುತ್ತೇನೆ. ಆಮೇಲೆ ಬುಡದ ಪೊದೆ ನೋಡಿ ಅಜ್ಜಿ ನೆನಪಾದಳು. ವಿ.ಟಿ. ಸ್ಟೇಷನ್ ನೋಡಿ ಮೋಸಹೋದವಳು ಇದನ್ನು ನೋಡಿದ್ದರೆ ಒಂದೇ ಏಟಿಗೆ ಗುರುತು ಹಿಡಿಯುತ್ತಿದ್ದಳು. ಅಚ್ಚು ಬಾರ್ಕೂರು.

ಆಸ್ಪತ್ರೆಯ ಪೂರ್ವಕ್ಕೆ ಹೋಗುವ ದೊಡ್ಡ ರಸ್ತೆಗೆ ಹಿಂದೆ ಫ್ರೀರ್ ರೋಡ್ ಅಂತ ಹೆಸರು. ಕೋಟೆ ಕೆಡವಿಸಿದವನ ಹೆಸರು, ಕೋಟೆಯ ಕೊನೆಯ ತುಂಡಿನ ಪಕ್ಕಕ್ಕೆ! ಈಗ ಅದು ಪಿ. ಡಿಮೆಲ್ಲೊ ರೋಡ್. ಡಿಮೆಲ್ಲೊ ನಮ್ಮ ಮಂಗಳೂರು ಕಡೆಯವರು, ಇಲ್ಲಿನ ಡಾಕ್ ಕಾರ್ಮಿಕರನ್ನು ಒಂದು ಮಾಡಿದವರು. ಮಂಗಳೂರಿನಿಂದ ಬರಿಗೈಯಲ್ಲಿ ಬಂದ ಜಾರ್ಜ್ ಫರ್ನಾಂಡಿಸ್ ಅವರನ್ನು ಕಾರ್ಮಿಕ ಚಳವಳಿಗೆ ಎಳೆದವರು. ಅವರ ಹೆಸರು ಅಲ್ಲಿ ಇರುವುದು ನನಗೆ ಖುಷಿ.

ಹೆಸರಿನ ಆಟ ಇನ್ನೊಂದಿದೆ. ಏಷ್ಯಾಟಿಕ್ ಲೈಬ್ರರಿಯ ಹಿಂದೆ, ಆ ಮೂಲ ಬಾಂಬೆ ಕ್ಯಾಸಲ್ ಇದ್ದ ಜಾಗ ಈಗ ನೌಕಾಪಡೆಯ ನೆಲೆ. ಒಳಗೆ ನಮ್ಮಂಥವರಿಗೆ ಪ್ರವೇಶ ಇಲ್ಲ, ಫೋಟೋ ತೆಗೆಯುವ ಹಾಗೂ ಇಲ್ಲ. ಆ ನೆಲೆಯ ಹೆಸರು ಐಎನ್‌ಎಸ್ ಆಂಗ್ರೆ. ಯಾರಿಗೆ ಹೆದರಿ ಇಂಗ್ಲಿಷರು ರಾತ್ರಿ ಗೇಟು ಹಾಕಿಕೊಳ್ಳುತ್ತಿದ್ದರೋ ಆ ಕಾನ್ಹೋಜಿ ಆಂಗ್ರೆ. ಚಾರ್ಲ್ಸ್ ಬೂನ್ ಅವನ ಕೋಟೆಗಳ ಮೇಲೆ ದಂಡು ಕಳಿಸಿ ಸೋತು ಬಂದಿದ್ದ. ಇನ್ನೂರು ವರ್ಷಕ್ಕೂ ಹೆಚ್ಚು ತಡವಾದರೂ ಆಂಗ್ರೆ ಒಳಗೆ ಬಂದು ಕೂತ.

ಊರೊಳಗಿನದು ಇಷ್ಟೇ. ಹೊರಗೆ ನೋಡಿದರೆ ಕೋಟೆಗಳಿಗೆ ಬರವಿಲ್ಲ. ಶಿವ್ಡಿ, ಸಯನ್, ಮಾಹಿಮ್, ವರ್ಲಿ, ಬಾಂದ್ರಾ, ಧಾರಾವಿ. ಮಲಬಾರ್ ಹಿಲ್ಲಿನ ರಾಜಭವನದಲ್ಲಂತೂ 2016ರಲ್ಲಿ ಮುಚ್ಚಿದ್ದ ಗೋಡೆಯೊಂದನ್ನು ಒಡೆದಾಗ ಅಡಿಯಲ್ಲಿ ಸುಮಾರು 150 ಮೀಟರ್ ಉದ್ದದ ಬಂಕರ್ ಸಿಕ್ಕಿತು. 13 ಕೋಣೆ, ಬಾಗಿಲಿಗೆ ಗುಂಡಿನ ಉಗ್ರಾಣ, ಮದ್ದಿನ ಉಗ್ರಾಣ ಅಂತ ಇಂಗ್ಲಿಷಿನಲ್ಲಿ ಬರೆದ ಹೆಸರು. 2019ರಲ್ಲಿ ಅದನ್ನು ಮ್ಯೂಸಿಯಂ ಮಾಡಿದರು. ಮನೆಯ ಕೆಳಗೆ ಏನಿದೆ ಅಂತ ಮನೆಯವರಿಗೇ ಮರೆತಿತ್ತು.

ಸಯನ್ ಕೋಟೆ ದಿನಾ ನನ್ನ ಲೋಕಲ್ ಹಾದುಹೋಗುವ ದಾರಿಯಲ್ಲಿದೆ. ಮರಾಠಿಯಲ್ಲಿ ಈ ಊರು ಶೀವ್, ಅಂದರೆ ಗಡಿ. ನಮ್ಮ ಸೀಮೆ ಇದ್ದ ಹಾಗೆ. ಇತ್ತ ಇಂಗ್ಲಿಷರ ಮುಂಬಯಿ, ಅತ್ತ ಪೋರ್ಚುಗೀಸರ ಸಾಲ್ಸೆಟ್ ದ್ವೀಪ. ಗುಡ್ಡ ಹತ್ತಿದರೆ ಪ್ರೇಮಿಗಳ ಹೆಸರು ಕೆತ್ತದ ಕಲ್ಲು ಸಿಗುವುದು ಕಷ್ಟ. ವರ್ಲಿ ಕೋಟೆಯೊಳಗೆ ಕೋಳಿವಾಡದ, ಅಂದರೆ ಮೀನುಗಾರರ ಕೇರಿಯ ಹುಡುಗರು ಕಸರತ್ತು ಮಾಡುತ್ತಾರೆ.

ಧಾರಾವಿಯ ಕಾಳಾ ಕಿಲ್ಲಾಕ್ಕೆ ಮಾತ್ರ ನಾನು ಮೂರು ಸಲ ಹೋದೆ. ಬಸ್ ಕಂಡಕ್ಟರ್ 'ಕಾಳಾ ಕಿಲ್ಲಾ' ಅಂತ ಕೂಗುತ್ತಾನೆ, ಇಳಿದವರಿಗೆ ಕಿಲ್ಲಾ ಕಾಣುವುದಿಲ್ಲ. ಗಲ್ಲಿಯೊಳಗೆ ಗಲ್ಲಿ ಹಿಡಿದು ಹೋದರೆ ಮನೆಗಳ ನಡುವೆ ತಟ್ಟನೆ ಕಪ್ಪು ಕಲ್ಲಿನ ದುಂಡು ಗೋಡೆ. ಮಂಗಳೂರಿನ ಸುಲ್ತಾನ್ ಬತ್ತೇರಿ ನೋಡಿದವರಿಗೆ ಪರಿಚಯದ ಮುಖ. ಅದು ಗುರುಪುರ ಹೊಳೆಗೆ ಬರುವ ಹಡಗು ತಡೆಯಲು ಟಿಪ್ಪು ಕಟ್ಟಿಸಿದ್ದು, ಇದು ಮಿಠಿ ನದಿ ದಾಟುವವರನ್ನು ತಡೆಯಲು. ಗೋಡೆಯ ಕಲ್ಲಿನ ಮೇಲೆ ಗವರ್ನರ್ ಜಾನ್ ಹಾರ್ನ್ ಅಪ್ಪಣೆಯಂತೆ 1737ರಲ್ಲಿ ಕಟ್ಟಿದ್ದು ಅಂತ ಇಂಗ್ಲಿಷಿನಲ್ಲಿ ಕೆತ್ತಿದೆ. ಮರಾಠರು ಠಾಣೆ ಹಿಡಿದು ಸಾಲ್ಸೆಟ್‌ಗೆ ನುಗ್ಗಿದ್ದೂ ಅದೇ 1737ರಲ್ಲಿ. ಕಲ್ಲಿನಲ್ಲಿ ಗವರ್ನರನ ಹೆಸರಿದೆ, ಅವನ ಎದೆ ಡವಗುಟ್ಟಿದ್ದು ಬರೆದಿಲ್ಲ, ಅಷ್ಟೆ.

ಗೋಡೆಗೆ ಮೊಳೆ ಹೊಡೆದು ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದರು. ಒಳಗೆ ಹೋಗಲು ಬಾಗಿಲು ಹುಡುಕುತ್ತಿದ್ದೆ. ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದ ಹೆಂಗಸು, "ಒಳಗೆ ಏನೂ ಇಲ್ಲ, ಕಸ" ಅಂದಳು ಹಿಂದಿಯಲ್ಲಿ. ಮಾತಿಗೆ ಮಾತು ಬೆಳೆದು ಅವಳು ಕಲಬುರ್ಗಿ ಕಡೆಯವಳು ಅಂತ ಗೊತ್ತಾಯಿತು. ಆಮೇಲೆ ಚಹಾ ಕುಡಿಯದೆ ಬಿಡಲಿಲ್ಲ. "ಈ ಗ್ವಾಡಿ ಇಲ್ದಿದ್ರ ನಮ್ಮನಿ ಹಿಂದಿನ ಗ್ವಾಡಿ ನಾವೇ ಕಟ್ಕೋಬೇಕಿತ್ತು ನೋಡ್ರಿ" ಅಂದಳು.

ಕೋಟೆಗಳ ಸುದ್ದಿ ಬಂದಾಗೆಲ್ಲ 'ಅತಿಕ್ರಮಣ' ಅಂತ ಒಂದು ಮಾತು ಬರುತ್ತದೆ. ಮಾಹಿಮ್ ಕೋಟೆಯೊಳಗೆ ಸಂಸಾರಗಳೇ ಇದ್ದವು, ಈಚೆಗೆ ಅವರಿಗೆ ಬೇರೆ ಕಡೆ ಮನೆ ಕೊಟ್ಟು ತೆರವು ಮಾಡಿದರು. ಕೋಟೆಗೆ ಅದು ಒಳ್ಳೆಯದೇ ಇರಬಹುದು. ಆದರೆ ಬೈಯುವವರ ಜೊತೆ ಸೇರಲು ನನಗೆ ಮನಸ್ಸಿಲ್ಲ. ದುಡ್ಡಿದ್ದ ಕಡೆ ಗೋಡೆಯ ಒಂದು ಕಲ್ಲೂ ಉಳಿಯಲಿಲ್ಲ. ಸಾಹೇಬರು, ಸೇಠ್‌ಗಳು ಸೇರಿ ಮೂರೂ ಗೇಟು ಕಿತ್ತು ಜಾಗ ಮಾರಿದರು. ಯಾರಿಗೂ ಬೇಡವಾದ ಕಡೆ ಕೋಟೆ ಉಳಿಯಿತು. ಒಬ್ಬರು ಬಟ್ಟೆ ಒಣಗಿಸಿದರು, ಒಬ್ಬರು ದಂಡ ಹೊಡೆದರು, ಒಬ್ಬರು ಫೈಲು ಇಟ್ಟರು. ಯಾರಿಗೋ ಏನಕ್ಕೋ ಬೇಕಾಗಿತ್ತು, ಅದಕ್ಕೇ ನಿಂತಿದೆ.

ಇದನ್ನೆಲ್ಲ ಅಪ್ಪನಿಗೆ ಹೇಳುತ್ತಲೇ ಇದ್ದೆ. ಈಗ ಅವರಿಗೆ 70 ದಾಟಿದೆ, ಮಂಡಿ ನೋವು. ಕೇಳಿ ಕೇಳಿ ಒಂದು ಭಾನುವಾರ ತಾವೇ ಹೊರಟರು. ಕೋಟೆ ನೋಡಲು ಅಲ್ಲ, ಬಜಾರ್‌ಗೇಟ್ ನೋಡಲು. ಆ ಬೀದಿಗೆ ಈಗ ಪೆರಿನ್ ನರಿಮನ್ ಸ್ಟ್ರೀಟ್ ಅಂತ ಹೆಸರು. ಅವರ ಹೋಟೆಲ್ ಇದ್ದಲ್ಲಿ ಮೊಬೈಲ್ ಕವರ್ ಅಂಗಡಿ. ಭಾನುವಾರ ಬಾಗಿಲು ಹಾಕಿತ್ತು. ಅಪ್ಪ ಶಟರ್ ಮುಂದೆ ನಿಂತು ಮೇಲೆ ನೋಡಿದರು. ಅಟ್ಟದ ಸಣ್ಣ ಕಿಟಕಿ ಹಾಗೇ ಇತ್ತು.

"ಗೇಟು ಎಲ್ಲಿತ್ತು ಅಂದೆ?"

ಬೀದಿಯ ಉತ್ತರದ ತುದಿ ತೋರಿಸಿದೆ. ಅಪ್ಪ ನಿಧಾನವಾಗಿ ಅಲ್ಲಿಯವರೆಗೆ ನಡೆದರು. ತಿರುಗಿ ಅಂಗಡಿಯವರೆಗೆ ಹೆಜ್ಜೆ ಎಣಿಸುತ್ತ ಬಂದರು. ನಡುವೆ ಒಂದು ಕೈಗಾಡಿ ಅಡ್ಡ ಬಂದು ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದರು.

"ಹಾಗಾದ್ರೆ ನಾವು ಗೋಡೆಯ ಒಳಗೇ ಇದ್ದದ್ದು."

"ಒಳಗೇ ಅಪ್ಪ."

ಅವರು ಮತ್ತೊಮ್ಮೆ ಅಟ್ಟದ ಕಿಟಕಿ ನೋಡಿದರು.

"ಸೋರ್ತಾ ಇತ್ತು ಮಾರಾಯ್ತಿ. ಎಲ್ಲಾ ಮಳೆಗಾಲದಲ್ಲೂ. ಅಮ್ಮನಿಗೆ ಬರೀಲಿಲ್ಲ ಅಷ್ಟೆ."